ಉಸಿರು ಮುಂದೆ, ಮೈ ಹಿಂದೆ

ಗೋಕುಲಂನ ನಮ್ಮ ತವರುಮನೆಯ ಮಹಡಿಗೆ ಮೊದಲೆಲ್ಲ ಬಾಡಿಗೆಗೆ ಬರುತ್ತಿದ್ದವರು ವರ್ಗವಾಗಿ ಬಂದ ಮೇಷ್ಟ್ರುಗಳು, ಎಂಜಿನಿಯರಿಂಗ್ ಓದುವ ಹುಡುಗರು. ಈ ಶತಮಾನ ಶುರುವಾಗುತ್ತಿದ್ದ ಹಾಗೆ ಲಕ್ಷ್ಮೀಪುರಂನಲ್ಲಿದ್ದ ಪಟ್ಟಾಭಿ ಜೋಯಿಸರ ಯೋಗಶಾಲೆ ನಮ್ಮ ಬಡಾವಣೆಗೆ ಬಂತು. ಬೀದಿಯ ಬೆಳಗು ಬದಲಾಯಿತು. ಇನ್ನೂ ಕತ್ತಲಿರುವಾಗಲೇ ಮ್ಯಾಟಿನ ಸುರುಳಿ ಹೆಗಲಿಗೇರಿಸಿಕೊಂಡ ವಿದೇಶೀಯರು ಸ್ಕೂಟರಿನಲ್ಲಿ, ನಡೆದು, ಆಟೋದಲ್ಲಿ ಬರುತ್ತಿದ್ದರು. ಒಂಬತ್ತು ಗಂಟೆಯ ಹೊತ್ತಿಗೆ ಎಳನೀರಿನ ಗಾಡಿಯ ಸುತ್ತ ಒದ್ದೆ ಕೂದಲಿನ ಗುಂಪು. ಎಳನೀರಿನವನು ಇಂಗ್ಲಿಷ್ ಕಲಿತ. ಬಾಡಿಗೆ ಏರಿತು. ಅದರಿಂದ ಅಮ್ಮನಿಗೆ ಬೇಸರವೇನೂ ಆಗಲಿಲ್ಲ.

ನಮ್ಮ ಮಹಡಿಗೆ ಬಂದವಳು ಫಿನ್ಲೆಂಡಿನ ಹುಡುಗಿ. ಶಾಲೆಯಲ್ಲಿ ಅವಳ ಹೆಸರು ನೋಂದಾಯಿಸಲು ಇನ್ನೂ ಕೆಲವು ದಿನ ಬಾಕಿಯಿತ್ತು, ಅಲ್ಲಿಯವರೆಗೆ ಕೋಣೆಯಲ್ಲೇ ಅಭ್ಯಾಸ. ಅಮ್ಮ ಫೋನ್ ಮಾಡಿದಳು. "ಬೆಳಗಿನ ಜಾವಕ್ಕೇ ಮೇಲೆ ಧಡ್ ಧಡ್ ಅಂತ ಏನೋ ಬೀಳತ್ತೆ ಕಣೆ. ನೀನೇ ಬಂದು ಕೇಳು, ನಂಗೆ ಅವಳ ಇಂಗ್ಲಿಷ್ ತಿಳಿಯಲ್ಲ."

ಹೋಗಿ ಕೇಳಿದೆ. ಪಾಪ, ನಾಚಿಕೊಂಡಳು. ನಿಂತಲ್ಲಿಂದ ಬಗ್ಗಿ ಎರಡೂ ಕಾಲನ್ನು ಒಟ್ಟಿಗೆ ಹಿಂದಕ್ಕೆ ಹಾರಿಸುವಾಗ ಆಗುವ ಸದ್ದು ಅದು. ಅದು ಕೇಳಲೇಬಾರದಂತೆ. ಸದ್ದಾಯಿತು ಅಂದರೆ ಉಸಿರು ಎಲ್ಲೋ ತಪ್ಪಿದೆ ಎಂದರ್ಥವಂತೆ. ಹೀಗೆ ಎಂದು ಮಾಡಿ ತೋರಿಸಿದಳು. ಏಕಂ, ದ್ವೇ, ತ್ರೀಣಿ, ಚತ್ವಾರಿ ಎಂದು ಮೆಲ್ಲಗೆ ಎಣಿಸಿಕೊಂಡಳು. ಷಟ್ ಎನ್ನುವಾಗ ನಾಲಿಗೆ ಸ್ವಲ್ಪ ತಡವರಿಸಿತು. ಮೇಜಿನ ಮೇಲೆ ಜೋಯಿಸರ 'ಯೋಗಮಾಲಾ'ದ ಇಂಗ್ಲಿಷ್ ಅನುವಾದವಿತ್ತು. ಮೂಲ ನಿಮ್ಮ ಭಾಷೆಯಲ್ಲೇ ಇದೆಯಲ್ಲ, ಓದಿದ್ದೀರಾ ಎಂದಳು. ಮೈಸೂರಿನಲ್ಲೇ ಹುಟ್ಟಿ ಬೆಳೆದ ನಾನು ಆ ಪುಸ್ತಕವನ್ನು ಕಂಡಿರಲಿಲ್ಲ. ಯೋಗ ಎಂದರೆ ನನಗೆ ಗೊತ್ತಿದ್ದುದು ಹೈಸ್ಕೂಲಿನ ಡ್ರಿಲ್ ಪೀರಿಯಡ್ಡಿನ ಪದ್ಮಾಸನ, ಶವಾಸನ ಅಷ್ಟೆ.

ಆಗ ನನಗೆ ನಲವತ್ತು ದಾಟಿತ್ತು. ಬ್ಯಾಂಕಿನ ಕೌಂಟರಿನಲ್ಲಿ ಕೂತು ಕೂತು ಕುತ್ತಿಗೆ ಹಿಡಿದುಕೊಂಡಿತ್ತು. ಸ್ಪಾಂಡಿಲೈಟಿಸ್ ಎಂದು ಡಾಕ್ಟರು ಪಟ್ಟಿ ಕೊಟ್ಟಿದ್ದರು. ಅದಕ್ಕಿಂತ ಹೆಚ್ಚು ಕಾಡುತ್ತಿದ್ದುದು ಇನ್ನೊಂದು. ಗಿರಾಕಿಗಳ ಸಾಲು ಬೆಳೆದಂತೆ ನನಗೆ ಅರಿವಿಲ್ಲದೆ ಉಸಿರು ಹಿಡಿದುಬಿಡುತ್ತಿದ್ದೆ. ಲೆಕ್ಕ ಮುಗಿದ ಮೇಲೆ ಒಂದೇ ಸಲ ನಿಟ್ಟುಸಿರು. ಪಕ್ಕದ ಕೌಂಟರಿನವರು "ಯಾಕ್ರೀ, ಮನೇಲಿ ಏನಾಯ್ತು?" ಎಂದು ಕೇಳುತ್ತಿದ್ದರು. ಮನೆಯಲ್ಲಿ ಏನೂ ಆಗಿರಲಿಲ್ಲ.

ಜೋಯಿಸರ ಶಾಲೆಗೆ ಹೋಗುವ ಧೈರ್ಯ ಇರಲಿಲ್ಲ, ಶುಲ್ಕವೂ ನನ್ನ ಸಂಬಳಕ್ಕೆ ಹೊಂದುವಂಥದ್ದಲ್ಲ. ಸಂಸ್ಕೃತ ಪಾಠಶಾಲೆಯಲ್ಲಿ ಓದುವಾಗ ಅವರ ಹತ್ತಿರ ಕಲಿತಿದ್ದ ಮೇಷ್ಟ್ರೊಬ್ಬರು ಕೃಷ್ಣಮೂರ್ತಿಪುರಂನಲ್ಲಿ ಮನೆಯ ಮೇಲಿನ ಹಜಾರದಲ್ಲಿ ಹೇಳಿಕೊಡುತ್ತಿದ್ದರು. ಜೋಯಿಸರು 1937ರಿಂದ 1973ರವರೆಗೆ ಆ ಪಾಠಶಾಲೆಯಲ್ಲಿ ಯೋಗ ಕಲಿಸಿದವರು. ಹಾಗಾಗಿ ಮೈಸೂರಿನ ಹಳೆಯ ಸಂಸ್ಕೃತ ಪಂಡಿತರಲ್ಲಿ ಕೆಲವರಾದರೂ ಅವರ ಕೈಕೆಳಗೆ ಬೆವರು ಸುರಿಸಿದವರೇ. ನಾನು ಹೊರಟಾಗ ಅತ್ತೆ ಕೇಳಿದ್ದು ಒಂದೇ ಮಾತು: "ಈ ವಯಸ್ನಲ್ಲಿ ಲಾಗ ಹಾಕೋದು ಬೇಕಿತ್ತೇನಮ್ಮ?"

ಮೊದಲ ದಿನ ಮೇಷ್ಟ್ರು ಯಾವ ಆಸನವನ್ನೂ ಹೇಳಿಕೊಡಲಿಲ್ಲ. ಕೂತು ಉಸಿರಾಡಿ ಎಂದರು. ಬಾಯಿ ಮುಚ್ಚಿ, ಗಂಟಲನ್ನು ಒಳಗಿಂದ ತುಸು ಕಿರಿದು ಮಾಡಿ, ಮೂಗಿನಿಂದಲೇ ಎಳೆದು ಮೂಗಿನಿಂದಲೇ ಬಿಡಬೇಕು. ಪಿಸುಮಾತಿನಲ್ಲಿ "ಹಾ" ಎನ್ನುವಾಗ ಗಂಟಲು ಹೇಗಿರುತ್ತದೋ ಹಾಗಿಟ್ಟುಕೊಂಡು ತುಟಿ ಮುಚ್ಚಿಕೊಂಡರೆ ಅದು ಸಿಗುತ್ತದೆ. ಸಣ್ಣ ಸದ್ದು ಬರುತ್ತದೆ, ಪಕ್ಕದವರಿಗೆ ಕೇಳಿದರೂ ಸರಿ ಕೇಳದಿದ್ದರೂ ಸರಿ, ಮಾಡುವವರಿಗೆ ಕೇಳಬೇಕು. ಎಳೆದುಕೊಳ್ಳುವುದು ಎಷ್ಟು ಹೊತ್ತೋ ಬಿಡುವುದೂ ಅಷ್ಟೇ ಹೊತ್ತು. ಇದನ್ನು ಈ ಪದ್ಧತಿಯವರು ಉಜ್ಜಾಯಿ ಉಸಿರು ಎನ್ನುತ್ತಾರೆ. ಗಾಳಿ ಹೋಗುವ ದಾರಿ ಕಿರಿದಾದ್ದರಿಂದ ಉಸಿರು ತಾನಾಗಿ ನಿಧಾನವಾಗುತ್ತದೆ. ಆ ಸದ್ದು ಕಿವಿಯಲ್ಲಿರುವುದರಿಂದ ಎಲ್ಲಿ ಕಡಿದುಹೋಯಿತು, ಎಲ್ಲಿ ಅವಸರವಾಯಿತು ಎಂದು ಬೇರೆಯವರು ಹೇಳಬೇಕಾಗಿಲ್ಲ. ಅವತ್ತು ನನಗೆ ಆಶ್ಚರ್ಯವಾದದ್ದು ನನ್ನ ಉಸಿರು ಅಷ್ಟು ಗಿಡ್ಡ ಎಂಬುದು.

ಆಮೇಲೆ ಸೂರ್ಯನಮಸ್ಕಾರ. ಸಾಮಾನ್ಯವಾಗಿ ಶಾಲೆಗಳಲ್ಲಿ ಕಲಿಸುವ ಹನ್ನೆರಡರ ಲೆಕ್ಕ ಇಲ್ಲಿಲ್ಲ. ಇಲ್ಲಿ ಎರಡು ಬಗೆ, ಮೊದಲನೆಯದಕ್ಕೆ 9 ವಿನ್ಯಾಸ, ಎರಡನೆಯದಕ್ಕೆ 17. ವಿನ್ಯಾಸ ಎಂದರೆ ಉಸಿರಿಗೆ ಕಟ್ಟಿದ ಚಲನೆ. ಏಕಂ, ಉಸಿರು ಎಳೆಯುತ್ತ ಕೈ ಮೇಲೆ. ದ್ವೇ, ಬಿಡುತ್ತ ಮುಂದೆ ಬಾಗು. ತ್ರೀಣಿ, ಎಳೆಯುತ್ತ ತಲೆ ಮಾತ್ರ ಎತ್ತು. ಚತ್ವಾರಿ, ಬಿಡುತ್ತ ಹಿಂದಕ್ಕೆ ಹಾರಿ ಮೈಯನ್ನು ನೆಲಕ್ಕೆ ಸಮನಾಗಿ ತಡೆ. ಪಂಚಕ್ಕೆ ಎದೆ ಮೇಲಕ್ಕೆ, ಷಟ್‌ಗೆ ಸೊಂಟ ಮೇಲಕ್ಕೆ. ಅಲ್ಲಿ ಐದು ಉಸಿರು ನಿಲ್ಲಬೇಕು. ಸಪ್ತಕ್ಕೆ ಮುಂದಕ್ಕೆ ಹಾರಿ, ಅಷ್ಟೌಗೆ ಬಾಗಿ, ನವಕ್ಕೆ ಎದ್ದು, ಮತ್ತೆ ಸಮಸ್ಥಿತಿ. ಬರೆದರೆ ಕವಾಯತಿನಂತೆ ಕಾಣುತ್ತದೆ. ಮಾಡುವಾಗ ಹಾಗಲ್ಲ. ಕವಾಯತಿನಲ್ಲಿ ಹೊರಗಿನವನ ಸೀಟಿಗೆ ಮೈ ಓಡುತ್ತದೆ. ಇಲ್ಲಿ ನನ್ನ ಉಸಿರು ಎಷ್ಟು ಉದ್ದವೋ ನನ್ನ ಕೈ ಮೇಲೇರುವುದೂ ಅಷ್ಟೇ ಉದ್ದ.

"ಉಸಿರು ಮುಂದೆ ಹೋಗ್ಲಿ ತಾಯಿ, ಮೈ ಹಿಂದಿಂದ ಬರತ್ತೆ," ಎನ್ನುತ್ತಿದ್ದರು ಮೇಷ್ಟ್ರು. ಉಸಿರು ಶುರುವಾದ ಮೇಲೆ ಕೈ ಏಳಬೇಕು, ಕೈ ನಿಂತ ಮೇಲೆ ಉಸಿರು ಮುಗಿಯಬೇಕು. ಇಷ್ಟೇ ಮಾತು. ಇದು ಒಗ್ಗಲು ನನಗೆ ಒಂದು ಮಳೆಗಾಲ ಪೂರ್ತಿ ಬೇಕಾಯಿತು. ಚಿತ್ರದಲ್ಲಿ ನೋಡಿದವರು ಈ ಯೋಗದಲ್ಲಿ ಕಾಲು ಕುತ್ತಿಗೆಗೆ ಸುತ್ತುವುದನ್ನೇ ನೋಡುತ್ತಾರೆ. ಆದರೆ ಕಷ್ಟವಿರುವುದು ಅಲ್ಲಲ್ಲ. ಗಂಟೆಗೂ ಮೀರಿದ ಅಭ್ಯಾಸದಲ್ಲಿ ಒಂದು ಉಸಿರಿಗೂ ಒಂದು ಚಲನೆಗೂ ನಡುವೆ ಗಂಟು ಬಿಚ್ಚಿಕೊಳ್ಳದ ಹಾಗೆ ನೋಡಿಕೊಳ್ಳುವುದಿದೆಯಲ್ಲ, ಅದು ಮೈ ಬಗ್ಗುವ ಇಪ್ಪತ್ತರ ಹುಡುಗಿಯರಿಗೂ ಸುಲಭವಾಗಿ ಬಾರದು. ನಮ್ಮ ಹಜಾರದಲ್ಲಿ ಅಂಥವರನ್ನು ನೋಡಿದ್ದೇನೆ. ಕಾಲು ಎಲ್ಲಿಗೆ ಬೇಕಾದರೂ ಹೋಗುತ್ತಿತ್ತು, ಉಸಿರು ಮಾತ್ರ ಗಂಟಲಲ್ಲೇ ಸಿಕ್ಕಿಕೊಂಡಿರುತ್ತಿತ್ತು. ಮೇಷ್ಟ್ರು ಅವರಿಗೆ ಹೊಸ ಆಸನ ಕೊಡುತ್ತಿರಲಿಲ್ಲ. ನನ್ನಂಥ ಮೊಂಡು ಮೈಯವಳಿಗೆ ಕೊಡುತ್ತಿದ್ದರು. ಅದರಿಂದ ಅವರಿಗೆ ಎಷ್ಟು ಉರಿಯುತ್ತಿತ್ತೋ, ನನಗೆ ಅಷ್ಟೇ ಖುಷಿ.

ಪಾಠದ ಕ್ರಮ ವಿಚಿತ್ರ. ಎಲ್ಲರೂ ಒಂದೇ ಹಜಾರದಲ್ಲಿ, ಆದರೆ ಯಾರೂ ಒಟ್ಟಿಗೆ ಮಾಡುವುದಿಲ್ಲ. ಬಂದವರು ಬಂದ ಹಾಗೆ ಶುರು ಮಾಡಿ, ತಮಗೆ ಕೊಟ್ಟಷ್ಟನ್ನು ನೆನಪಿನಿಂದಲೇ ಮಾಡಿ ಎದ್ದು ಹೋಗಬೇಕು. ಒಂದು ಆಸನ ಉಸಿರಿನ ಸಮೇತ ಕೂತ ಮೇಲೆ ಮುಂದಿನದು. ಚಿಕ್ಕಂದಿನಲ್ಲಿ ಅಗ್ರಹಾರದ ವೀಣೆ ಟೀಚರ ಮನೆಯಲ್ಲಿ ಹೀಗೇ ಇತ್ತು. ಒಬ್ಬಳಿಗೆ ಜಂಟಿವರಸೆ, ಒಬ್ಬಳಿಗೆ ಗೀತೆ, ಮೂಲೆಯಲ್ಲೊಬ್ಬಳಿಗೆ ವರ್ಣ. ಟೀಚರ್ ಅಡುಗೆಮನೆಯಿಂದಲೇ "ತಾಳ!" ಎಂದು ಕೂಗುತ್ತಿದ್ದರು. ಮೇಷ್ಟ್ರು "ಉಸಿರು!" ಎನ್ನುತ್ತಿದ್ದರು. ಜಗತ್ತಿನಾದ್ಯಂತ ಇದಕ್ಕೆ 'ಮೈಸೂರು ಸ್ಟೈಲ್' ಎಂದು ಹೆಸರು. ಹೆಲ್ಸಿಂಕಿಯಲ್ಲೂ ಹಾಗೇ ಕರೆಯುತ್ತಾರೆ ಎಂದು ಮಹಡಿಯ ಹುಡುಗಿ ಹೇಳಿದಾಗ ಅಮ್ಮ, "ಮೈಸೂರು ಪಾಕ್ ಗೊತ್ತಿತ್ತು, ಇದು ಗೊತ್ತಿರಲಿಲ್ಲ" ಎಂದಳು.

ಫ್ಯಾನ್ ಹಾಕುವಂತಿರಲಿಲ್ಲ. ಬೆವರು ಬಂದರೆ ಟವೆಲ್ಲಿನಲ್ಲಿ ಒರೆಸದೆ ಮೈಗೇ ಉಜ್ಜಿಕೊಳ್ಳಬೇಕು. ಶನಿವಾರ ರಜ, ಅಮಾವಾಸ್ಯೆ ಹುಣ್ಣಿಮೆಗೂ ರಜ. ಹೆಂಗಸರಿಗೆ ತಿಂಗಳಲ್ಲಿ ಮೂರು ದಿನ ಬೇರೆ. ಅಮಾವಾಸ್ಯೆ ರಜ ಎಂದು ತಿಳಿದಾಗ ಅತ್ತೆಯ ಅಭಿಪ್ರಾಯ ತಟಕ್ಕನೆ ಬದಲಾಯಿತು. "ಹಾಗಾದ್ರೆ ಶಾಸ್ತ್ರ ತಿಳಿದೋರೇ ಇರಬೇಕು." ಅಲ್ಲಿಂದ ಪಂಚಾಂಗ ನೋಡಿ ನನಗೆ ರಜ ತಿಳಿಸುವ ಕೆಲಸವನ್ನು ಅವರೇ ವಹಿಸಿಕೊಂಡರು.

ಮೊದಲ ಘಟ್ಟದ ಆಸನಗಳಿಗೆ ಯೋಗಚಿಕಿತ್ಸಾ ಎಂದು ಹೆಸರು. ಎರಡನೆಯದು ನಾಡೀಶೋಧನ. ಅದರಾಚೆಗೆ ಸ್ಥಿರಭಾಗ ಎಂಬ ಕಠಿಣ ಘಟ್ಟಗಳಿವೆ, ಅತ್ತ ನಾನು ಹಾಯಲಿಲ್ಲ. ಪ್ರತಿ ಆಸನಕ್ಕೂ ಒಳಗೆ ಹೋಗುವ ದಾರಿ, ಹೊರಗೆ ಬರುವ ದಾರಿ ಎರಡೂ ಲೆಕ್ಕದಲ್ಲೇ ಇವೆ. ಪಶ್ಚಿಮೋತ್ತಾನಾಸನಕ್ಕೆ 16 ವಿನ್ಯಾಸ. ನಾವೆಲ್ಲ ಪಶ್ಚಿಮೋತ್ತಾನಾಸನ ಎಂದು ಕರೆಯುವ ಆ ಬಾಗಿದ ಭಂಗಿ ಬರುವುದು 9ನೆಯದರಲ್ಲಿ. ಉಳಿದದ್ದೆಲ್ಲ ಬರುವುದು, ಹೋಗುವುದು. ಹಾಗೆ ಬಂದು ಹೋಗುವುದಕ್ಕೂ ಭಂಗಿಯಷ್ಟೇ ಮರ್ಯಾದೆ ಕೊಡುವ ವ್ಯಾಯಾಮವನ್ನು ನಾನು ಬೇರೆ ಕಂಡಿಲ್ಲ. ಜತೆಗೆ ಕಣ್ಣಿಗೆ ಒಂದು ನೆಲೆ, ಮೂಗಿನ ತುದಿಯೋ ಹೊಕ್ಕುಳೋ ಕಾಲ ಬೆರಳೋ. ಕೆಳಹೊಟ್ಟೆಯಲ್ಲಿ ಬಂಧದ ಸಣ್ಣ ಬಿಗಿ. ಉಸಿರು, ಭಂಗಿ, ದೃಷ್ಟಿ ಈ ಮೂರೂ ಸೇರಿದರೆ ತ್ರಿಸ್ಥಾನ. ಕಣ್ಣಿಗೆ ಕೆಲಸ ಕೊಟ್ಟಮೇಲೆ ಪಕ್ಕದ ಮ್ಯಾಟಿನವಳ ಆಸನ ಹೇಗಿದೆ ಎಂದು ನೋಡುವ ಚಟ ಕಡಿಮೆಯಾಗುತ್ತದೆ. ಪೂರ್ತಿ ಹೋಗುವುದಿಲ್ಲ.

ಗರ್ಭಪಿಂಡಾಸನದ ದಿನಗಳನ್ನು ನೆನೆದರೆ ಈಗಲೂ ನಗು. ಪದ್ಮಾಸನ ಹಾಕಿ, ಮಡಿಚಿದ ಕಾಲುಗಳ ಸಂದಿಯಲ್ಲಿ ಕೈ ತೂರಿಸಿ, ಅಂಗೈಯಲ್ಲಿ ಗಲ್ಲ ಹಿಡಿದು, ಬೆನ್ನ ಮೇಲೆ ಸುತ್ತ ಉರುಳಬೇಕು. ಕೈ ತೂರಲಿ ಎಂದು ನೀರು ಚಿಮುಕಿಸುತ್ತಿದ್ದರು. ನನ್ನ ಕೈಗಳು ಮೊಣಕೈವರೆಗೆ ಯಾವತ್ತೂ ತೂರಲೇ ಇಲ್ಲ. ಉರುಳುತ್ತ ಉರುಳುತ್ತ ಹಜಾರದ ಇನ್ನೊಂದು ತುದಿಗೆ ಹೋಗಿ ಯಾರದೋ ಮ್ಯಾಟ್ ಮೇಲೆ ನಿಲ್ಲುತ್ತಿದ್ದೆ. ಮೇಷ್ಟ್ರು ನಗುತ್ತಿರಲಿಲ್ಲ. ಕುತ್ತಿಗೆಯ ಕಾರಣಕ್ಕೆ ಶೀರ್ಷಾಸನವನ್ನು ಮಾತ್ರ ಬಹುಕಾಲ ಕೊಡಲಿಲ್ಲ. ಕೊಟ್ಟಾಗಲೂ ಭಾರವೆಲ್ಲ ಮುಂಗೈ ಮೇಲಿರಬೇಕು, ತಲೆ ನೆಲಕ್ಕೆ ತಾಕಿದ್ದೂ ತಿಳಿಯಬಾರದು ಎಂಬ ಷರತ್ತು.

ಒಂದು ವರ್ಷ ಮೇಷ್ಟ್ರು ಕಾಶಿಗೆ ಹೋಗಿದ್ದಾಗ ಊರಿನ ಬೇರೊಂದು ಕಡೆ ಪಾಠಕ್ಕೆ ಹೋಗಿದ್ದೆ. ಮರೀಚ್ಯಾಸನದ ನಾಲ್ಕನೆಯದು ಈ ಪದ್ಧತಿಯ ದೊಡ್ಡ ಹೊಸ್ತಿಲು. ಒಂದು ಕಾಲು ಅರ್ಧ ಪದ್ಮದಲ್ಲಿ, ಇನ್ನೊಂದು ಮೊಣಕಾಲು ಮೇಲೆ, ಮೈ ಹಿಂದಕ್ಕೆ ತಿರುಚಿ ಬೆನ್ನ ಹಿಂದೆ ಕೈಗೆ ಕೈ ಸಿಗಬೇಕು. ಅಲ್ಲಿಯ ಹುಡುಗನೊಬ್ಬ ಕೇಳದೆ ನನ್ನ ಮೊಣಕಾಲನ್ನು ಒತ್ತಿದ. ಚಟ್ ಎಂದಿತು. ಮೂರು ತಿಂಗಳು ಮೆಟ್ಟಿಲು ಹತ್ತಲು ಆಗಲಿಲ್ಲ. ಪದ್ಮಕ್ಕೆ ಸೊಂಟದ ಕೀಲು ತಿರುಗಬೇಕು. ಅದು ತಿರುಗದಿದ್ದಾಗ ಒತ್ತಿದರೆ ಆ ತಿರುವೆಲ್ಲ ಮೊಣಕಾಲಿಗೆ ಬೀಳುತ್ತದೆ, ಮೊಣಕಾಲು ಮಡಿಚಲಿಕ್ಕಿರುವುದೇ ಹೊರತು ತಿರುಚಲಿಕ್ಕಲ್ಲ. ಹಿಂತಿರುಗಿದ ಮೇಷ್ಟ್ರು ಕೇಳಿದ್ದು, "ಅವನು ಒತ್ತಿದಾಗ ನಿಮ್ಮ ಉಸಿರು ಎಲ್ಲಿತ್ತು?" ನಿಂತಿತ್ತು ಎಂದೆ. "ಅದು ಅವನಿಗೆ ಕೇಳಿಸಬೇಕಿತ್ತು," ಎಂದರು. ಅವರು ಸ್ವತಃ ಕೈ ಹಚ್ಚುತ್ತಿದ್ದುದು ಅಪರೂಪ. ಹಚ್ಚುವ ಮುಂಚೆ ಕೇಳುತ್ತಿದ್ದರು.

ಈ ಕೈ ಹಚ್ಚುವ ವಿಷಯವನ್ನು ದಾಟಿ ಹೋಗಬಾರದು. ಪಟ್ಟಾಭಿ ಜೋಯಿಸರು 2009ರ ಮೇ 18ರಂದು ತೀರಿಕೊಂಡರು. ಆಮೇಲಿನ ವರ್ಷಗಳಲ್ಲಿ ಅವರ ಹಲವು ಶಿಷ್ಯೆಯರು, ಆಸನ ತಿದ್ದುವ ನೆಪದಲ್ಲಿ ಗುರುಗಳು ತಮ್ಮ ಮೇಲೆ ಲೈಂಗಿಕ ದೌರ್ಜನ್ಯ ನಡೆಸಿದರೆಂದು ಹೆಸರು ಹೇಳಿಕೊಂಡು ಬಹಿರಂಗವಾಗಿ ಬರೆದರು. 2019ರಲ್ಲಿ ಮೊಮ್ಮಗ ಶರತ್ ಜೋಯಿಸ್, ಅಜ್ಜನ ಅನುಚಿತ ಸ್ಪರ್ಶಗಳನ್ನು ತಾವೂ ಕಂಡಿದ್ದಾಗಿ ಹೇಳಿ ಶಿಷ್ಯರ ಕ್ಷಮೆ ಕೇಳಿದರು. ಮೈಸೂರಿನಲ್ಲಿ ಇದನ್ನು ಮಾತಾಡಿದರೆ ಹಿರಿಯರ ನಿಂದೆ ಎಂದು ಬಾಯಿ ಮುಚ್ಚಿಸುವವರಿದ್ದಾರೆ. ನಾನು ಆ ಹೆಣ್ಣುಮಕ್ಕಳ ಮಾತನ್ನು ನಂಬುತ್ತೇನೆ. ಗುರು ಮುಟ್ಟಿದ್ದೆಲ್ಲ ಕೃಪೆ ಎಂದು ತಿಳಿಯುವ ಜಾಗದಲ್ಲಿ ಬೇಡ ಎನ್ನುವುದು ಎಷ್ಟು ಕಷ್ಟ ಎಂದು, ಮೊಣಕಾಲಿನಂಥ ಸಣ್ಣ ವಿಷಯದಲ್ಲೇ ನನಗೆ ಗೊತ್ತಾಗಿತ್ತು. ವಿದ್ಯೆ ಒಳ್ಳೆಯದಾಗಿದ್ದರೂ ಕೊಟ್ಟವರ ಕೈ ಮೈಲಿಗೆಯಾಗಿರಬಹುದು. ಎರಡನ್ನೂ ಒಟ್ಟಿಗೆ ಹೇಳುವುದನ್ನು ನಾವು ಕಲಿಯಬೇಕಾಗಿದೆ.

ಜೋಯಿಸರನ್ನು ನಾನು ಹತ್ತಿರದಿಂದ ಕಂಡದ್ದು ಇದಕ್ಕೆಲ್ಲ ಮುಂಚೆ. ಮಹಡಿಯ ಹುಡುಗಿಯ ಜತೆ ಶಾಲೆಗೆ ಹೋಗಿ ಹೊರಕೋಣೆಯಲ್ಲಿ ಕೂತಿದ್ದೆ. ಬಾಗಿಲಾಚೆ ಮ್ಯಾಟಿಗೆ ಮ್ಯಾಟು ತಾಗಿದಂತೆ ಜನ, ಕಿಟಕಿ ಗಾಜಿನ ಮೇಲೆ ಆವಿ. ಮಾತೇ ಇಲ್ಲ, ಅಷ್ಟೂ ಜನರ ಉಸಿರಿನ ಸದ್ದು ಮಾತ್ರ. ಯಾರಾದರೂ ಮುಗಿಸಿ ಎದ್ದರೆ ಅವರು "ಒನ್ ಮೋರ್!" ಎಂದು ಕೂಗುತ್ತಿದ್ದರು, ಕಾದಿದ್ದವರಲ್ಲಿ ಒಬ್ಬರು ಒಳಗೆ ಓಡುತ್ತಿದ್ದರು. ಆಮೇಲೆ ನಮ್ಮವರ ಹಾಗೇ ಕಾಲು ಚಾಚಿ ಕೂತು ಕಾಫಿ ಕುಡಿದರು.

ಅವರ ಕಥೆಯನ್ನು ಓದಿಕೊಂಡದ್ದು ಮೊಣಕಾಲು ಕೈಕೊಟ್ಟಿದ್ದ ಆ ಮೂರು ತಿಂಗಳಲ್ಲಿ. ಹಾಸನದ ಹತ್ತಿರದ ಕೌಶಿಕ ಗ್ರಾಮದ ಹುಡುಗ. 1927ರಲ್ಲಿ, ಹನ್ನೆರಡರ ವಯಸ್ಸಿನಲ್ಲಿ, ಹಾಸನದ ಜ್ಯೂಬಿಲಿ ಹಾಲಿನಲ್ಲಿ ತಿರುಮಲೈ ಕೃಷ್ಣಮಾಚಾರ್ಯರ ಪ್ರದರ್ಶನ ನೋಡಿ ಮರುದಿನವೇ ಅವರ ಮನೆ ಬಾಗಿಲಿಗೆ ಹೋದ. ಆಮೇಲೆ ಮನೆಯಲ್ಲಿ ಹೇಳದೆ 2 ರೂಪಾಯಿ ಇಟ್ಟುಕೊಂಡು ಸಂಸ್ಕೃತ ಕಲಿಯಲು ಮೈಸೂರಿಗೆ ಬಂದ ಎಂದು ಶಿಷ್ಯರು ಹೇಳುತ್ತಾರೆ. ಕೃಷ್ಣಮಾಚಾರ್ಯರೂ ನಮ್ಮವರೇ, ಚಿತ್ರದುರ್ಗ ಸೀಮೆಯ ಮುಚುಕುಂದಪುರದವರು. ಮಹಾರಾಜ ನಾಲ್ವಡಿಯವರು ಅವರಿಗೆ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ಮಾಡಿಕೊಟ್ಟರು. 1933ರಿಂದ 1950ರವರೆಗೆ ಅದು ನಡೆಯಿತು. ಅವರ 'ಯೋಗ ಮಕರಂದ' 1934ರಲ್ಲಿ ಕನ್ನಡದಲ್ಲೇ ಬಂತು. ಜೋಯಿಸರ 'ಯೋಗಮಾಲಾ' 1962ರಲ್ಲಿ. ಅದರ ಇಂಗ್ಲಿಷ್ ರೂಪ ಬಂದದ್ದು 1999ರಲ್ಲಿ, ಅಂದರೆ 37 ವರ್ಷ ಆ ಪುಸ್ತಕವನ್ನು ಓದಬಲ್ಲವರು ನಾವು ಮಾತ್ರ ಆಗಿದ್ದೆವು. ಓದಿದವರು ಕಡಿಮೆ. 1964ರಲ್ಲಿ ಬೆಲ್ಜಿಯಂನ ಆಂದ್ರೆ ವಾನ್ ಲೀಸ್ಬೆತ್ ಲಕ್ಷ್ಮೀಪುರಂಗೆ ಬಂದು ಕಲಿತು ಬರೆದರು, ಎಪ್ಪತ್ತರ ದಶಕದಲ್ಲಿ ಅಮೆರಿಕದವರು ಬಂದರು, 1975ರಲ್ಲಿ ಜೋಯಿಸರು ಕ್ಯಾಲಿಫೋರ್ನಿಯಾಕ್ಕೆ ಹೋದರು. ಅಲ್ಲಿಂದ ಮುಂದಿನದು ಗೋಕುಲಂನ ಎಳನೀರಿನವನಿಗೂ ಗೊತ್ತಿರುವ ಕಥೆ.

ಈ ಕ್ರಮವೆಲ್ಲ 'ಯೋಗ ಕೊರುಂಟ' ಎಂಬ ತಾಳೆಗರಿ ಗ್ರಂಥದಲ್ಲಿತ್ತು, ಕೃಷ್ಣಮಾಚಾರ್ಯರು ಅದನ್ನು ಕಲ್ಕತ್ತೆಯಲ್ಲಿ ಕಂಡರು, ಕೊನೆಗೆ ಇರುವೆ ತಿಂದುಹಾಕಿದವು ಎಂಬ ಮಾತಿದೆ. ನನಗೆ ಆ ಇರುವೆಗಳ ಮೇಲೆ ಹೆಚ್ಚು ನಂಬಿಕೆಯಿಲ್ಲ. ಮಹಾರಾಜ ಮುಮ್ಮಡಿಯವರ 'ಶ್ರೀತತ್ತ್ವನಿಧಿ'ಯಲ್ಲಿ 122 ಆಸನಗಳ ಚಿತ್ರಗಳಿವೆ, ಅವು ಅರಮನೆಯಲ್ಲೇ ಇದ್ದವು. ಅರಮನೆಯಲ್ಲಿ ಗರಡಿಯಿತ್ತು, ವ್ಯಾಯಾಮ ಶಾಲೆಯಿತ್ತು. ಔಂಧ್‌ನ ರಾಜ ಇಪ್ಪತ್ತರ ದಶಕದಲ್ಲೇ ಸೂರ್ಯನಮಸ್ಕಾರವನ್ನು ಊರೂರಿಗೆ ಹಬ್ಬಿಸುತ್ತಿದ್ದ. ಯೋಗಶಾಲೆಯಲ್ಲಿ ಕಲಿಯುತ್ತಿದ್ದವರಲ್ಲಿ ಬಹಳಷ್ಟು ಮಂದಿ ಹುಡುಗರು. ಚುರುಕಿನ ಹುಡುಗರಿಗೆ ಹಾರುವ, ನೆಗೆಯುವ ಕ್ರಮ ಬಂದದ್ದು ಸಹಜವೇ. ಅದೇ ಕೃಷ್ಣಮಾಚಾರ್ಯರು ಮುಂದೆ ಮದ್ರಾಸಿನಲ್ಲಿ ಒಬ್ಬೊಬ್ಬರ ವಯಸ್ಸು, ಕಾಯಿಲೆ ನೋಡಿ ಬೇರೆಯೇ ರೀತಿಯಲ್ಲಿ ಕಲಿಸಿದರು. ಉಸಿರನ್ನು ಮಾತ್ರ ಎಲ್ಲೂ ಬಿಡಲಿಲ್ಲ. ಸಾವಿರ ವರ್ಷದ ಗ್ರಂಥವಿಲ್ಲದಿದ್ದರೆ ಏನಂತೆ? ಎಂಬತ್ತು ತೊಂಬತ್ತು ವರ್ಷದ ಹಿಂದೆ ನಮ್ಮ ಊರಿನಲ್ಲಿ ಒಬ್ಬ ಪಂಡಿತ ಬುದ್ಧಿ ಓಡಿಸಿ ಕಟ್ಟಿದ ವಿದ್ಯೆ ಎಂದರೆ ನನಗೆ ಹೆಮ್ಮೆ ಕಡಿಮೆಯಾಗದು. ಮೇಷ್ಟ್ರ ಮುಂದೆ ಒಮ್ಮೆ ಹೀಗೆ ಹೇಳಿದೆ. ಒಪ್ಪಲಿಲ್ಲ. ಒಂದು ವಾರ ಬರೀ ಸೂರ್ಯನಮಸ್ಕಾರ ಮಾಡಿಸಿದರು.

ಮೇಷ್ಟ್ರು ಈಗಿಲ್ಲ. ಶರತ್ ಜೋಯಿಸರೂ 2024ರ ನವೆಂಬರಿನಲ್ಲಿ ಅಮೆರಿಕದಲ್ಲಿದ್ದಾಗ 53ರ ವಯಸ್ಸಿನಲ್ಲಿ ಹೋಗಿಬಿಟ್ಟರು. ನನಗೆ ಅರವತ್ತು ದಾಟಿದೆ. ಹಿಂದಕ್ಕೆ ಹಾರುವುದನ್ನು ಬಿಟ್ಟು ಒಂದೊಂದೇ ಕಾಲು ಇಡುತ್ತೇನೆ, ಯೋಗಚಿಕಿತ್ಸೆಯ ಅರ್ಧಕ್ಕೆ ನಿಲ್ಲಿಸುತ್ತೇನೆ. ಎಣಿಕೆ ಹಾಗೇ ಇದೆ. ಕುತ್ತಿಗೆ ನೋವು ಪೂರ್ತಿ ಹೋಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ, ಚಳಿಗಾಲದಲ್ಲಿ ಬರುತ್ತದೆ. ಉಸಿರು ಹಿಡಿದು ಕೂರುವ ಅಭ್ಯಾಸ ಮಾತ್ರ ನಿವೃತ್ತಿಗೆ ಎಷ್ಟೋ ಮುಂಚೆಯೇ ಬಿಟ್ಟುಹೋಗಿತ್ತು. ಹೋದದ್ದು ಯಾವಾಗ ಎಂದು ನನಗೇ ತಿಳಿಯಲಿಲ್ಲ, ಪಕ್ಕದ ಕೌಂಟರಿನವರು ವಿಚಾರಿಸುವುದು ನಿಂತಿತ್ತು ಅಷ್ಟೆ.

ಮೊನ್ನೆ ಬೆಂಗಳೂರಿನಿಂದ ತಮ್ಮನ ಮಗ ಬಂದಿದ್ದ. ಸಾಫ್ಟ್‌ವೇರಿನವನು. ಆಫೀಸಿನವರು 'ಪವರ್ ವಿನ್ಯಾಸ' ಎಂಬ ಆನ್‌ಲೈನ್ ಕ್ಲಾಸು ಕೊಡಿಸಿದ್ದಾರಂತೆ. ಹೇಳಿಕೊಡುವವಳು ಕ್ಯಾಲಿಫೋರ್ನಿಯಾದಲ್ಲಿ ಕಲಿತವಳು. ಜೋರು ಸಂಗೀತ ಹಾಕಿಕೊಂಡು ಮಾಡಿ ತೋರಿಸಿದ. ಚೆನ್ನಾಗಿಯೇ ಮಾಡುತ್ತಾನೆ. ಸಂಗೀತ ನಿಲ್ಲಿಸಿ ಇನ್ನೊಂದು ಸಲ ಮಾಡು ಎಂದೆ.

"ಯಾಕತ್ತೆ?"

"ನಿನ್ನ ಉಸಿರು ನಿಂಗೆ ಕೇಳ್ತಾ ನೋಡೋಣ."

ಕೇಳಲಿಲ್ಲವಂತೆ. ಗಂಟಲು ಕಿರಿದು ಮಾಡುವುದನ್ನು ಹೇಳಿಕೊಟ್ಟೆ. ಏಕಂಗೆ ಕೈ ಎತ್ತುವಷ್ಟರಲ್ಲೇ ಉಸಿರು ಮುಗಿಸಿಬಿಟ್ಟು ನನ್ನ ಮುಖ ನೋಡಿದ. ಮತ್ತೆ ಮಾಡು ಎಂದೆ. ಆಮೇಲೆ ದ್ವೇ. ತ್ರೀಣಿಗೆ ಬರುವಷ್ಟರಲ್ಲಿ ಅವನ ಅಮ್ಮ ತಿಂಡಿಗೆ ಕರೆದಳು, ಹೊಟ್ಟೆ ತುಂಬಿದ ಮೇಲೆ ಮಾಡುವ ಹಾಗಿಲ್ಲ ಎಂದು ಅವನಿಗೆ ಹೇಳಿ ನಾನೂ ಎದ್ದೆ. ನಾಳೆ ಬೆಳಿಗ್ಗೆ ಐದಕ್ಕೆ ಎಂದೆ. ನಾಳೆ ಅಮಾವಾಸ್ಯೆ ಅಲ್ಲ ತಾನೇ ಎಂದು ಗೂಗಲ್ಲಿನಲ್ಲಿ ನೋಡುತ್ತಿದ್ದ.